ನೀತಿ ಅಧಿಕಾರಿಯ ನಲ್ಲಿ

ಗಂಟಲನ್ನು ನಂಬಿ ಹೊಟ್ಟೆ ಹೊರೆಯುವವರು ಲೋಕದಲ್ಲಿ ಎರಡೇ ಬಗೆ ಎಂದು ಠಸ್ಸೆ ತಿಳಿದಿದ್ದ: ಒಂದು ಹಾಡುಗಾರರು, ಇನ್ನೊಂದು ತಾನು.

ಅವನು ಕೆಲಸಕ್ಕಿದ್ದದ್ದು ಸರ್ಕಾರಿ ಅಧಿಕಾರಿಗಳ ನಡತೆಯ ಮೇಲಿನ ದೂರುಗಳನ್ನು ವಿಚಾರಿಸುವ ಸಮಿತಿಯ ಕಚೇರಿಯಲ್ಲಿ. ಅದರ ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಯಾರಾದರೂ ಒಬ್ಬ ಅಧಿಕಾರಿ ಕೆಡಬಹುದಾದ್ದರಿಂದ ಜನ ಚಿಕ್ಕದಾಗಿ ನೀತಿ ಕಚೇರಿ ಎನ್ನುತ್ತಿದ್ದರು. ಕೆಳಗಡೆ ಹಾಸಿಗೆ ಅಂಗಡಿ, ಮೇಲ್ಗಡೆ ನೀತಿ. ಮೆಟ್ಟಿಲ ಬುಡದಲ್ಲಿ ಹೊಸ ಹತ್ತಿಯ ವಾಸನೆ, ಮೇಲೆ ಹತ್ತಿದಂತೆ ಅಂಟಿನ ವಾಸನೆ. ಬಾಗಿಲ ಎದುರಿಗೇ ಒಂದು ಕಿಂಡಿ. ಕಿಂಡಿಯ ಆಚೆ ಠಸ್ಸೆ.

ಮನೆಯಲ್ಲಿ ಇಟ್ಟ ಹೆಸರು ಬೇರೆ ಇತ್ತು. ಆದರೆ ದೂರಿನ ಮೇಲೆ ಠಸ್ಸೆ ಒತ್ತುವುದೇ ಅವನ ಕಸುಬಾದ್ದರಿಂದ ಕಚೇರಿಯಲ್ಲಿ ಆ ಹೆಸರು ಅಂಟಿಕೊಂಡಿತ್ತು. ಅಂಟಿಕೊಳ್ಳದೆ ಉಳಿಯಲು ಅವನು ಹೆಚ್ಚಿನ ಪ್ರಯತ್ನವನ್ನೂ ಮಾಡಿರಲಿಲ್ಲ.

ಆ ಕಚೇರಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ನಿಯಮವಿತ್ತು. ಹಿಂದೆ ಯಾವಾಗಲೋ, ಒಬ್ಬ ಅರ್ಜಿ ಬರೆಯುವವನು ಓದುಬರಹ ಬಾರದ ಮುದುಕಿಯ ಸಹಿ ಹಾಕಿಸಿಕೊಂಡು, ಅವಳ ದೂರಿನ ಬದಲು ತನ್ನ ದೂರನ್ನು ಸಲ್ಲಿಸಿಬಿಟ್ಟಿದ್ದನಂತೆ. ಮುದುಕಿ ಕಂಡೇ ಇರದ ಅಧಿಕಾರಿಯೊಬ್ಬ ಮುದುಕಿಯಿಂದಾಗಿ ಮನೆಗೆ ಹೋದ. ಅಂದಿನಿಂದ, ದೂರನ್ನು ತೆಗೆದುಕೊಳ್ಳುವ ಗುಮಾಸ್ತನು ಅದನ್ನು ದೂರುದಾರರ ಎದುರು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು, ಓದಿ ಮುಗಿಸಿ, "ಇದು ನಿಮ್ಮ ಮಾತೇ?" ಎಂದು ಕೇಳಬೇಕು; ಅವರು "ನನ್ನ ಮಾತೇ" ಅನ್ನಬೇಕು; ಆಮೇಲೆ ಠಸ್ಸೆ ಬೀಳಬೇಕು. ಇಷ್ಟಾದ ಮೇಲೆ ಕಾಗದ ಒಳಗಿನ ಕೋಣೆಗೆ, ಅಧ್ಯಕ್ಷರ ಮೇಜಿಗೆ ಹೋಗುತ್ತಿತ್ತು. ಅದರ ಮುಂದಿನ ಗತಿ ಠಸ್ಸೆಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಓದುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. "ಕಡತ ಕೇಳಿದರೆ ನಾಳೆ ಬಾ ಎಂದರು" ಎಂಬ ಸಾದಾ ಸಾಲು ಅವನ ಬಾಯಲ್ಲಿ ನಾಟಕದ ಮೂರನೇ ಅಂಕವಾಗುತ್ತಿತ್ತು. "ನಾಳೆ..." ಎಂದು ನಿಲ್ಲಿಸಿ ಕಿಂಡಿಯಿಂದ ಸಾಲಿನತ್ತ ಒಮ್ಮೆ ನೋಡಿ, "ಬಾ" ಎಂದು ಕೈಬಿಡುವಷ್ಟರಲ್ಲಿ ದೂರುದಾರರ ಕಣ್ಣಲ್ಲಿ ನೀರಾಡುತ್ತಿತ್ತು. ತಮ್ಮ ಕಷ್ಟ ಇಷ್ಟು ದೊಡ್ಡದೆಂದು ಅವರಿಗೂ ಆವಾಗಲೇ ಗೊತ್ತಾಗುವುದು.

"ಸ್ವಲ್ಪ ಕಡಿಮೆ ಅಳಿಸ್ರೀ," ಎನ್ನುತ್ತಿದ್ದಳು ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ. "ಬೆಂಚು ಒರೆಸೋರಿಲ್ಲ."

ಇಷ್ಟೇ ಆಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮಾವ ಬಂದರು.

ಮಾವ ಅಂದರೆ ಹೆಂಡತಿಯ ತಂದೆ. ಜೀವಮಾನವಿಡೀ ಬೋರ್ಡು ಬರೆದ ಮನುಷ್ಯ. ಡಾಕ್ಟರು, ವಕೀಲರು, ಹಲ್ಲು ಕೀಳುವವರು, ಜಾತಕ ಹೇಳುವವರು, ಹೀಗೆ ಎಷ್ಟೋ ಜನರ ಹೆಸರನ್ನು ನೆರಳು ಕೊಟ್ಟು, ಚಿನ್ನದ ಬಣ್ಣ ತುಂಬಿ ಬಾಗಿಲುಗಳ ಮೇಲೆ ನಿಲ್ಲಿಸಿದವರು. ಕೈ ನಡುಗಲು ಶುರುವಾದ ಮೇಲೆ ಕುಂಚವನ್ನು ಕಟ್ಟಿಟ್ಟು ಮಗಳ ಮನೆಗೆ ಬಂದಿದ್ದರು. ಬಂದ ದಿನವೇ ಊಟಕ್ಕೆ ಕೂತಾಗ ಕೇಳಿದರು.

"ಅಳಿಯಂದ್ರೇ, ಕಚೇರಿಯಲ್ಲಿ ನಿಮ್ಮ ಕೆಲಸ ಏನೂಂತ ಒಂದೇ ಮಾತಲ್ಲಿ ಹೇಳಿ ನೋಡೋಣ."

ಠಸ್ಸೆಯ ಬಾಯಿ ತುಂಬ ತುತ್ತು ಇತ್ತು. ಕಿಂಡಿ, ಓದು, ಠಸ್ಸೆ ಎಲ್ಲವನ್ನೂ ವಿವರಿಸಲು ಜಾಗವಿರಲಿಲ್ಲ. "ಅಧಿಕಾರಿಗಳ ನೀತಿ ನೋಡೋದು, ಮಾವ," ಎಂದ. ಹೇಳಿದ್ದು ಸುಳ್ಳಲ್ಲ. ಸುಳ್ಳಲ್ಲದ್ದನ್ನು ಹೇಳಿದಾಗಲೇ ಮನುಷ್ಯ ಹೆಚ್ಚು ಎಚ್ಚರದಿಂದಿರಬೇಕು ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಮರುದಿನ ಸಂಜೆ ಮನೆಗೆ ಬಂದರೆ ಬಾಗಿಲ ಮೇಲೆ ಬೋರ್ಡು. ಕಡುನೀಲಿ ಹಲಗೆ, ಚಿನ್ನದ ಅಕ್ಷರ, ಅಕ್ಷರಕ್ಕೆ ಕೆಂಪು ನೆರಳು. ಮೇಲೆ ಅವನ ಹೆಸರು, ಕೆಳಗೆ 'ನೀತಿ ಅಧಿಕಾರಿ'. ಕೊನೆಯ ಅಕ್ಷರ ತುಸು ನಡುಗಿತ್ತು.

"ಮಾವ, ನಾನು ಅಧಿಕಾರಿ ಅಲ್ಲ. ಅದು ಏನಾಗುತ್ತೆ ಅಂದ್ರೆ..."

"ವಿನಯ ಇರ್ಬೇಕು ಅಳಿಯಂದ್ರೇ, ಒಳ್ಳೇದು. ಆದ್ರೆ ಬೋರ್ಡಿನಲ್ಲಿ ವಿನಯ ಬರೆಯೋಕಾಗಲ್ಲ. ಜಾಗ ಸಾಲಲ್ಲ." ಮಾವ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು. "ಊರಲ್ಲಿರೋರ ಹೆಸರೆಲ್ಲ ಬರೆದೆ. ನಮ್ಮವರು ಅನ್ನೋರದ್ದು ಇದೇ ಮೊದಲು."

ಇಂಥ ಮಾತಿನ ಎದುರು ಸ್ಕ್ರೂಡ್ರೈವರ್ ಹುಡುಕುವ ಧೈರ್ಯ ಯಾರಿಗಿದೆ? ಬಣ್ಣ ಒಣಗಿದ ಮೇಲೆ ತೆಗೆದರಾಯಿತು ಎಂದುಕೊಂಡ. ಬಣ್ಣ ಒಣಗಿತು. ಮಾವ ಹೊರಟ ಮೇಲೆ ತೆಗೆದರಾಯಿತು ಎಂದುಕೊಂಡ. ಮಾವ ಹೊರಡಲಿಲ್ಲ.

ಬೋರ್ಡು ಮಾತ್ರ ಸುಮ್ಮನಿರಲಿಲ್ಲ. ಮೂಲೆಯಂಗಡಿಯವನು ತಕ್ಕಡಿ ಅವನ ಕಡೆಗೆ ವಾಲುವಂತೆ ತೂಗತೊಡಗಿದ. ಕ್ಷೌರದವನು ಅರ್ಧ ಗಡ್ಡ ಹೆರೆದಿದ್ದ ಗಿರಾಕಿಯನ್ನು ಎಬ್ಬಿಸಿ ಇವನನ್ನು ಕೂರಿಸಿದ. ಕೆಳಮನೆಯ ನಾಯಿ ಏಳು ವರ್ಷದಿಂದ ಠಸ್ಸೆಯನ್ನು ನೋಡಿ ಬೊಗಳುತ್ತ ಬಂದಿತ್ತು; ಈಗ ಅದರ ಯಜಮಾನ ಅದರ ಕಿವಿ ಹಿಡಿದು, "ಯಾರಿಗೆ ಬೊಗಳ್ತಿದೀಯ ಅಂತ ಗೊತ್ತಾ ನಿಂಗೆ?" ಎಂದು ಬುದ್ಧಿ ಹೇಳಿದ. ನಾಯಿಗೆ ಗೊತ್ತಿತ್ತು. ಅದು ಬೊಗಳುತ್ತಲೇ ಇತ್ತು. ಆ ಕಟ್ಟಡದಲ್ಲಿ ಬೋರ್ಡನ್ನು ನಂಬದೆ ಉಳಿದ ಜೀವ ಅದೊಂದೇ.

ಮೇಲ್ಮನೆಯ ಟೀಚರಮ್ಮ ಕೂಡ ಬದಲಾದರು. ಗಂಡನಿಲ್ಲದ, ಮಕ್ಕಳಿಲ್ಲದ, ಶಾಲೆಯಿಂದ ನಿವೃತ್ತರಾದ ಹೆಂಗಸು. ನಿನ್ನೆಯವರೆಗೆ "ಏನಪ್ಪ, ಆಫೀಸಿಗೆ ಹೊರಟ್ಯಾ?" ಅನ್ನುತ್ತಿದ್ದವರು ಈಗ ಮೆಟ್ಟಿಲ ಮೇಲೆ ಗೋಡೆಗೊತ್ತಿ ನಿಂತು, "ಹೊರಟ್ರಾ?" ಅನ್ನುತ್ತಿದ್ದರು. ಆ ಬಹುವಚನ ಅವನ ಬೆನ್ನಿಗೆ ಅಂಟಿಕೊಂಡು ಕಚೇರಿಯವರೆಗೂ ಬರುತ್ತಿತ್ತು. ತುರಿಸುತ್ತಿತ್ತು ನಿಜ, ಬೆಚ್ಚಗೂ ಇತ್ತು.

ಹೀಗಿರುವಾಗ ನೀರಿನ ಎಂಜಿನಿಯರ್ ಬಂದ.

ಆ ಕಟ್ಟಡಕ್ಕೆ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ, ಅದೂ ದಾರದಷ್ಟು ತೆಳ್ಳಗೆ. ಮೆಟ್ಟಿಲ ಬುಡದಲ್ಲಿ ಪೈಪು ಸೋರುತ್ತಿದೆ ಎಂದು ಯಾರೋ ಹೇಳಿಕೊಂಡಿದ್ದರಿಂದ ನೋಡಲು ಬಂದವನು, ಬಗ್ಗಿ ನೋಡಿ, ಎದ್ದು ಬೆನ್ನು ನೀವಿಕೊಳ್ಳುವಾಗ ಬೋರ್ಡು ಕಣ್ಣಿಗೆ ಬಿತ್ತು. ಬಾಗಿಲಲ್ಲಿ ಮಾವ ಕೂತಿದ್ದರು. ಅಲ್ಲಿ ನಡೆದ ಮಾತನ್ನು ಹೆಂಡತಿ ಆಮೇಲೆ ಎಷ್ಟು ಸಲ ಹೇಳಿದಳೆಂದರೆ ಠಸ್ಸೆಗೆ ಕಣ್ಣಾರೆ ಕಂಡಂತಾಗಿತ್ತು.

"ಇವರು... ಇಲ್ಲೇ ಇರೋದಾ?"

"ಮತ್ತೆ? ನಮ್ಮ ಅಳಿಯಂದ್ರು."

"ತುಂಬಾ ಸ್ಟ್ರಿಕ್ಟಾ?"

"ಛೇ, ತುಂಬಾ ಮೆತ್ತಗೆ. ಆದ್ರೆ ಅವರ ಕೈಗೆ ಹೋದ ದೂರು ಇವತ್ತಿಗೂ ಒಂದೂ ವಾಪಸ್ ಬಂದಿಲ್ಲ."

ಇದೂ ಸುಳ್ಳಲ್ಲ. ಒಳಕೋಣೆಗೆ ಹೋದದ್ದು ಎಂದಾದರೂ ಕಿಂಡಿಗೆ ವಾಪಸ್ ಬಂದೀತೇ?

ಎರಡು ದಿನದಲ್ಲಿ ಕೆಲಸದವರು ಬಂದು, ಅಂಗಳ ಅಗೆದು, ತೊಡೆಯಷ್ಟು ದಪ್ಪದ ಪೈಪನ್ನು ಬೀದಿಯ ಕೊಳವೆಯಿಂದ ನೇರವಾಗಿ ಠಸ್ಸೆಯ ಮನೆಗೆ ಹಾಕಿ, ಮಣ್ಣು ಮುಚ್ಚಿ, ಅದರ ಮೇಲೆ ನೀರು ಚಿಮುಕಿಸಿ ಹೋದರು.

"ರೀ, ಒಂದ್ಸಲ ನಲ್ಲಿ ತಿರುಗಿಸಿ ನೋಡಿ," ಎಂದಳು ಹೆಂಡತಿ, ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ.

ತಿರುಗಿಸಿದ. ನೀರು ಗುಡುಗಿಕೊಂಡು ಬಂತು. ಬಕೆಟ್ಟು ಒಂದು ಸುತ್ತು ತಿರುಗಿತು.

ಇದು ಯಾಕೆ, ನಮಗೊಬ್ಬರಿಗೇ ಯಾಕೆ, ಎಂಬ ಪ್ರಶ್ನೆ ಠಸ್ಸೆಯ ಗಂಟಲವರೆಗೆ ಬಂದಿತ್ತು. ಅದೇ ಹೊತ್ತಿಗೆ ಹೆಂಡತಿ ಲೋಟ ತುಂಬ ತಣ್ಣನೆಯ ನೀರು ಕೊಟ್ಟಳು. ಕುಡಿದ. ಪ್ರಶ್ನೆ ನೀರಿನ ಜೊತೆ ಒಳಗೆ ಹೋಯಿತು.

ಅಲ್ಲಿಂದ ಮುಂದೆ ಮನೆಯಲ್ಲಿ ಜಲಕ್ರೀಡೆ. ಹೆಂಡತಿ ಕಿಟಕಿಯ ಪರದೆಗಳನ್ನು ಒಗೆದಳು. ಅವು ಒಣಗಿದ ಮೇಲೆ, ಸುಮ್ಮನೆ ಇರಲಾರದೆ, ಇನ್ನೊಮ್ಮೆ ಒಗೆದಳು. ಮಾವ ದಿನಕ್ಕೆರಡು ಸಲ ಸ್ನಾನ ಮಾಡಿ, ಸ್ನಾನದ ಮನೆಯಲ್ಲಿ ಹಾಡಲು ಶುರುಮಾಡಿದರು. ಅವರು ಹಾಡುತ್ತಾರೆಂದು ಅವರ ಮಗಳಿಗೂ ಗೊತ್ತಿರಲಿಲ್ಲ.

ಹೀಗೆ ಮಾವ ಹಾಡುತ್ತಿದ್ದ ಒಂದು ರಜೆಯ ಬೆಳಿಗ್ಗೆ ಟೀಚರಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಖಾಲಿ ಕೊಡ. ಮೂಲೆಯ ಬೀದಿನಲ್ಲಿಗೆ ಹೋಗುವ ದಾರಿಯಲ್ಲಿದ್ದರು. ಒಂದು ಕೈ ಮಂಡಿಯ ಮೇಲಿತ್ತು.

"ನಿಮ್ಮ ಹತ್ರ ಕೇಳೋಕೆ ಸಂಕೋಚ. ಆದ್ರೆ ನೀವು ಇದರಲ್ಲೇ ಇರೋರು ಅಂತ ಬಂದೆ. ಮೇಲಕ್ಕೆ ಒಂದು ಹನಿ ನೀರು ಹತ್ತುತ್ತಿಲ್ಲ. ಯಾರೋ ಮಧ್ಯದಲ್ಲೇ ಎಳ್ಕೋತಿದಾರೆ ಅಂತಾರೆ."

ಸ್ನಾನದ ಮನೆಯಿಂದ ಬಕೆಟ್ಟು ತುಂಬಿ ಹರಿಯುವ ಸದ್ದು ಬಂತು. ಹೆಂಡತಿ ಎದ್ದು ಹೋಗಿ ಆ ಬಾಗಿಲನ್ನು ಎಳೆದುಕೊಂಡಳು. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಯಾರು ಎಳ್ಕೊಂಡಿರಬಹುದು?" ಎಂದರು ಟೀಚರಮ್ಮ.

ಬೀದಿಯ ಕೊನೆಯಲ್ಲಿ ತೋಟವಿದ್ದ ಮನೆಯೊಂದಿತ್ತು. ಅದರಲ್ಲಿ ತೆರಿಗೆ ಅಧಿಕಾರಿಯೊಬ್ಬನಿದ್ದ. ಆ ತೋಟ ಇದ್ದಕ್ಕಿದ್ದಂತೆ ಠಸ್ಸೆಯ ಕಣ್ಣ ಮುಂದೆ ಹಸಿರಾಗಿ ನಿಂತಿತು. ಅಷ್ಟು ಹಸಿರು ಸುಮ್ಮನೆ ಬರುತ್ತದೆಯೇ? ಅವನೇ. ಅವನಲ್ಲದೆ ಇನ್ಯಾರು? ಠಸ್ಸೆಗೆ ಎಷ್ಟು ಸಮಾಧಾನವಾಯಿತೆಂದರೆ, ಕೋಪ ಉಕ್ಕಿ ಬಂತು.

"ದೂರು ಕೊಡಿ, ಟೀಚರಮ್ಮ. ನೀರಿನ ಎಂಜಿನಿಯರ್ ಮೇಲೆ, ಮತ್ತೆ ಅವನ ಕೈಯಲ್ಲಿ ಪೈಪು ಹಾಕಿಸ್ಕೊಂಡೋನ ಮೇಲೆ. ಎಷ್ಟು ದೊಡ್ಡೋನಾದ್ರೂ ಸರಿ. ಕೂತ್ಕೊಳ್ಳಿ, ನಾನು ಹೇಳ್ತೀನಿ, ನೀವು ಬರೀರಿ."

ಹೇಳಿದ. ನಲ್ಲಿಯ ಸದ್ದು ಕೇಳದಷ್ಟು ಗಟ್ಟಿಯಾಗಿ ಹೇಳಿದ. ಹದಿನಾರು ವರ್ಷ ಬೇರೆಯವರ ದೂರು ಓದಿ ಓದಿ ಗಂಟಲಲ್ಲಿ ಕೂಡಿಟ್ಟ ಮಾತೆಲ್ಲ ಹೊರಗೆ ಬಂತು. 'ನೆರೆಯವರ ಬಾಯಾರಿಕೆಯ ಮೇಲೆ ತನ್ನ ಸ್ನಾನದ ಮನೆಯನ್ನು ಕಟ್ಟಿಕೊಂಡ ಈ ನಾಚಿಕೆಗೆಟ್ಟ ಮನುಷ್ಯನು' ಎಂಬಲ್ಲಿ ಟೀಚರಮ್ಮ ಪೆನ್ನು ನಿಲ್ಲಿಸಿದರು.

"ನಾಚಿಕೆಗೆಟ್ಟ ಅನ್ನೋದು ಸ್ವಲ್ಪ ಜಾಸ್ತಿ ಆಗಲ್ವಾ?"

"ಕಡಿಮೆ ಆಯ್ತು. 'ಕನ್ನಡಿಯಲ್ಲಿ ತನ್ನ ಮುಖವನ್ನು ತಾನು ಹೇಗೆ ನೋಡಿಕೊಳ್ಳುತ್ತಾನೋ ದೇವರೇ ಬಲ್ಲ' ಅಂತ ಸೇರಿಸಿ."

"ಹೆಸರು?"

"ಜಾಗ ಬಿಡಿ. ಎಂಜಿನಿಯರ್‌ನ ಕೇಳಿ, ಹೆದರಿಕೊಂಡು ಹೇಳ್ತಾನೆ. ಗೊತ್ತಾದ ಮೇಲೆ ತುಂಬಿಸಿ ಕಚೇರಿಗೆ ತನ್ನಿ. ನಾನೇ ಓದ್ತೀನಿ."

ಟೀಚರಮ್ಮ ಕಾಗದ ಮಡಿಸಿ, ಕೊಡ ಎತ್ತಿಕೊಂಡು ಬೀದಿನಲ್ಲಿಗೆ ಹೋದರು. ಅವರು ತುಂಬಿದ ಕೊಡದೊಂದಿಗೆ ಮೆಟ್ಟಿಲು ಹತ್ತಿ ಹೋಗುವ ಸದ್ದು ಆಮೇಲೆ ಕೇಳಿಸಿತು. ಒಂದು ಮೆಟ್ಟಿಲು, ನಿಲ್ಲುವುದು. ಇನ್ನೊಂದು ಮೆಟ್ಟಿಲು, ನಿಲ್ಲುವುದು. ಕೊಡ ಹೊತ್ತುಕೊಡಬೇಕೆಂದು ಠಸ್ಸೆಗೆ ಅನ್ನಿಸಿತು. ಅಧಿಕಾರಿ ಕೊಡ ಹೊತ್ತರೆ ಜನ ಏನೆಂದುಕೊಂಡಾರು ಎಂದೂ ಅನ್ನಿಸಿತು. ಎರಡನೆಯದು ಗೆದ್ದಿತು.

ಅದಾಗಿ ಮೂರನೇ ದಿನ ಕಿಂಡಿಯ ಎದುರು ಟೀಚರಮ್ಮ ನಿಂತಿದ್ದರು. ಅವರ ಹಿಂದೆ ಕೆಳಮನೆಯವನು, ಅವನ ಹಿಂದೆ ಮೂಲೆಯಂಗಡಿಯವನು. ಎಲ್ಲರಿಗಿಂತ ಹಿಂದೆ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಮಾವ.

"ಟೀಚರಮ್ಮ ಒಬ್ಬರೇ ಬರ್ತಿದ್ರು, ಅದಕ್ಕೆ ನಾನೂ ಬಂದೆ," ಎಂದರು ಮಾವ ಸುತ್ತಲಿದ್ದವರಿಗೆಲ್ಲ ಕೇಳುವಂತೆ. "ಅಳಿಯಂದ್ರು ಕೆಲಸ ಮಾಡೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತಿತ್ತು." ಆಮೇಲೆ ಕಿಂಡಿಯ ಒಳಗೆ ಬಗ್ಗಿ ನೋಡಿ, ದನಿ ತಗ್ಗಿಸಿದರು. "ನಿಮ್ಮ ರೂಮು ಇನ್ನೂ ಒಳಗಿದೆಯಾ?"

ಠಸ್ಸೆ ಕೆಮ್ಮಿದ. ಟೈಪಿಸ್ಟ್ ಅಕ್ಕ ಯಂತ್ರದಿಂದ ತಲೆಯೆತ್ತಿ ಒಬ್ಬೊಬ್ಬರನ್ನೇ ನೋಡಿದಳು. ಅವಳಿಗೆ ಬೆಳಗಿನಿಂದ ಬೇಜಾರಾಗಿತ್ತು, ಈಗ ಹೋಯಿತು.

ಟೀಚರಮ್ಮ ಕಾಗದವನ್ನು ಕಿಂಡಿಯೊಳಗೆ ತಳ್ಳಿದರು. ಠಸ್ಸೆಗೆ ಹೊಸ ಹುರುಪು ಬಂತು. ಮಾವ ನೋಡುತ್ತಿದ್ದಾರೆ, ಮಾತೆಲ್ಲ ತನ್ನದೇ. ಇಂಥ ಓದು ಎರಡನೇ ಸಲ ಸಿಕ್ಕುವುದಿಲ್ಲ. ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಮುದಿ ಮಂಡಿ, ಖಾಲಿ ಕೊಡ, ಒಣಗಿದ ನಲ್ಲಿ. ಬೆಂಚಿನ ಮೇಲಿದ್ದ ಅಪರಿಚಿತರು ಎದ್ದು ಹತ್ತಿರ ಬಂದರು. ಮೂಲೆಯಂಗಡಿಯವನು ಮೂಗೊರೆಸಿಕೊಂಡ. 'ನೆರೆಯವರ ಬಾಯಾರಿಕೆಯ ಮೇಲೆ...' ಎಂದು ನಿಲ್ಲಿಸಿ ಸಾಲಿನತ್ತ ನೋಡಿದ; 'ತನ್ನ ಸ್ನಾನದ ಮನೆಯನ್ನು ಕಟ್ಟಿಕೊಂಡ ಈ ನಾಚಿಕೆಗೆಟ್ಟ ಮನುಷ್ಯನು' ಎಂದು ಕೈಬಿಟ್ಟ. ಹಿಂದಿನಿಂದ ಮಾವನ ದನಿ, "ಭೇಷ್!"

ಮುಂದಿನ ಸಾಲಿನಲ್ಲಿ, ಜಾಗ ಬಿಟ್ಟಿದ್ದಲ್ಲಿ, ದುಂಡನೆಯ ಶಾಲೆಯ ಅಕ್ಷರದಲ್ಲಿ ಅವನ ಹೆಸರಿತ್ತು. ಹೆಸರಿನ ಮುಂದೆ 'ನೀತಿ ಅಧಿಕಾರಿ'. ಅದರ ಮುಂದೆ ಮನೆ ನಂಬರು.

ಠಸ್ಸೆ ತಲೆಯೆತ್ತಿದ. ಟೀಚರಮ್ಮ ಅವನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಬರೆಯಲು ಹೇಳಿದ್ದನ್ನು ಬರೆದು ತಂದ ಮಗುವಿನ ಹಾಗೆ ನಿಂತಿದ್ದರು.

"ಎಂಜಿನಿಯರ್ ಇವತ್ತು ಬೆಳಿಗ್ಗೆ ಹೇಳಿದ್ರು," ಎಂದರು ಮೆಲ್ಲಗೆ. "ತುಂಬಿಸಿ ಅಂದಿದ್ರಲ್ಲ. ತುಂಬಿಸಿದೆ."

"ಮುಂದೆ ಓದ್ರೀ," ಎಂದ ಸಾಲಿನಲ್ಲಿದ್ದವನೊಬ್ಬ. "ಯಾರಂತೆ ಆ ಕಳ್ಳ?"

ಠಸ್ಸೆ ಹೆಸರನ್ನು ಗಂಟಲಲ್ಲೇ ಓದಿದ.

"ಕೇಳಿಸಲಿಲ್ಲ," ಎಂದರು ಮಾವ.

ನಿಯಮ ನಿಯಮವೇ. ಗಟ್ಟಿಯಾಗಿ ಓದಬೇಕು. ಹದಿನಾರು ವರ್ಷ ಯಾರ್ಯಾರದೋ ಹೆಸರನ್ನು ರಾಗವೆಳೆದು ಓದಿದ್ದವನು ತನ್ನ ಹೆಸರನ್ನು, ಹುದ್ದೆಯನ್ನು, ಮನೆ ನಂಬರನ್ನು ಓದಿದ. ಅಷ್ಟಕ್ಕೇ ಮುಗಿಯಲಿಲ್ಲ, 'ಕನ್ನಡಿಯಲ್ಲಿ ತನ್ನ ಮುಖವನ್ನು ತಾನು ಹೇಗೆ ನೋಡಿಕೊಳ್ಳುತ್ತಾನೋ' ಎಂಬುದು ಇನ್ನೂ ಬಾಕಿ ಇತ್ತು. ಅದನ್ನೂ ಓದಿದ. "ಇದು ನಿಮ್ಮ ಮಾತೇ?" ಎಂದು ಕೇಳಿದ.

"ಅರ್ಧ ನನ್ನದು, ಅರ್ಧ ನಿಮ್ಮದು," ಎಂದರು ಟೀಚರಮ್ಮ. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

ಕಚೇರಿಯವರ ಮೇಲೇ ದೂರು ಬಂದರೆ ಅಂದೇ ವಿಚಾರಿಸಬೇಕೆಂದು ಇನ್ನೊಂದು ನಿಯಮ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು; ಕನ್ನಡಕವನ್ನು ಹಣೆಗೇರಿಸಿ, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಎಲ್ಲರನ್ನೂ ಒಳಗೆ ಕರೆಸಿದರು. ಎಂಜಿನಿಯರ್‌ನನ್ನು ಕರೆತರಲು ದೂರ ಹೋಗಬೇಕಾಗಲಿಲ್ಲ. ಏನಾಗುವುದೋ ಎಂದು ಬೆಳಿಗ್ಗೆಯಿಂದ ಕೆಳಗಿನ ಅಂಗಡಿಯಲ್ಲಿ, ಕೊಳ್ಳುವವನ ಹಾಗೆ, ಒಂದಾದ ಮೇಲೊಂದು ಹಾಸಿಗೆಯ ಮೇಲೆ ಕೂತು ನೋಡುತ್ತಿದ್ದ.

"ಪೈಪು ಹಾಕಿಸಿದ್ದು ನೀವೇನಾ?" ಅಧ್ಯಕ್ಷರು ಕೇಳಿದರು.

"ನಾನೇ ಸ್ವಾಮಿ. ಆದ್ರೆ ಲಂಚ ಅಂತ ಅಲ್ಲ. ಹೆದರಿಕೆಗೆ. ನೀತಿ ಅಧಿಕಾರಿ ಅಂತ ಬಾಗಿಲ ಮೇಲೆ ಬೋರ್ಡೇ ಇದ್ಮೇಲೆ..."

"ಯಾವ ನೀತಿ ಅಧಿಕಾರಿ?" ಅಧ್ಯಕ್ಷರು ಕೋಣೆಯನ್ನೆಲ್ಲ ನೋಡಿದರು. "ನಮ್ಮಲ್ಲಿ ಅಂಥ ಹುದ್ದೆಯೇ ಇಲ್ಲವಲ್ಲ. ಏನಯ್ಯಾ ಠಸ್ಸೆ, ನಿನ್ನದು ಯಾವ ದರ್ಜೆ?"

ಗೋಡೆಗಂಟಿ ನಿಂತಿದ್ದ ಮಾವನ ಕಡೆ ನೋಡದೆ ಠಸ್ಸೆ ಹೇಳಿದ. "ಮೂರನೇ ದರ್ಜೆ ಗುಮಾಸ್ತ, ಸ್ವಾಮಿ."

"ಸರಿ ಹಾಗಾದ್ರೆ, ಮುಗೀತು." ಅಧ್ಯಕ್ಷರು ಕನಿಕರದಿಂದ ಕಾಗದ ಮಡಿಸಿದರು. "ನೀತಿ ನಿಯಮಗಳು ಎರಡನೇ ದರ್ಜೆಯಿಂದ ಮೇಲಿನವರಿಗೆ. ನಿನಗೆ ನೀತಿ ಅನ್ವಯಿಸೋದಿಲ್ಲ. ಹೋಗು."

ಇಂಥ ಬಿಡುಗಡೆಗಾಗಿ ಎಷ್ಟು ದೊಡ್ಡ ದೊಡ್ಡ ಮನುಷ್ಯರು ವಕೀಲರನ್ನಿಟ್ಟು ವರ್ಷಗಟ್ಟಲೆ ಹೆಣಗಾಡುತ್ತಾರೆ! ಠಸ್ಸೆಗೆ ಅದು ಪುಕ್ಕಟೆಯಾಗಿ ಸಿಕ್ಕಿತು. ನೆಲ ಬಿರಿದು ತನ್ನನ್ನು ಕೆಳಗಿನ ಹಾಸಿಗೆ ಅಂಗಡಿಗೆ ಬೀಳಿಸಬಾರದೇ ಎಂದು ಅವನು ಕಾಯುತ್ತ ನಿಂತ.

ಮೊದಲು ಬಾಯಿಬಿಟ್ಟವನು ಎಂಜಿನಿಯರ್. "ಗುಮಾಸ್ತನಾ? ಬರೀ ಗುಮಾಸ್ತನಾ?" ಅವನ ಕಣ್ಣಲ್ಲಿ ನಿಜವಾದ ನೋವಿತ್ತು. "ಅಯ್ಯೋ, ಅಷ್ಟು ದಪ್ಪದ್ದು ಹಾಕಿಬಿಟ್ನಲ್ಲ! ಮೇಯರ್ ಮನೆಗೂ ಅಂಥ ಪೈಪು ಇಲ್ಲ ಸ್ವಾಮಿ."

"ನಾಯಿಗೆ ಗೊತ್ತಾಗಿತ್ತು ನೋಡಿ," ಎಂದ ಕೆಳಮನೆಯವನು ಮೂಲೆಯಂಗಡಿಯವನಿಗೆ. ಮೂಲೆಯಂಗಡಿಯವನು ಬೆರಳು ಮಡಿಸುತ್ತ ಮನಸ್ಸಿನಲ್ಲಿ ಹೆಚ್ಚು ತೂಗಿದ್ದನ್ನೆಲ್ಲ ವಾಪಸ್ ತೂಗುತ್ತಿದ್ದ.

"ಅದೆಲ್ಲ ಇರಲಿ," ಎಂದರು ಟೀಚರಮ್ಮ. "ನನ್ನ ನೀರು?"

"ತಪ್ಪೇ ನಡೆದಿಲ್ಲ ಅಂದ್ಮೇಲೆ ಪೈಪು ತಪ್ಪಲ್ಲವಮ್ಮ. ಲಂಚ ತಗೊಳ್ಳೋ ಯೋಗ್ಯತೆ ಇಲ್ಲದೋನಿಗೆ ಕೊಟ್ಟಿದ್ದು ಲಂಚ ಆಗಲ್ಲ. ಕಾನೂನಿನ ಕಣ್ಣಲ್ಲಿ ಇದು ಎಂಜಿನಿಯರ್ ಸಾಹೇಬರ ಪ್ರೀತಿ. ಪ್ರೀತಿಯನ್ನ ನಾನು ಕೀಳಿಸೋಕಾಗಲ್ಲ." ಅಧ್ಯಕ್ಷರು ಹಣೆಯ ಮೇಲೆ ಕನ್ನಡಕ ಸಿಕ್ಕಿದ್ದಕ್ಕೆ ಸಂತೋಷಪಟ್ಟು, ಅದನ್ನು ಮೂಗಿಗಿಳಿಸಿಕೊಂಡರು. "ಒಂದು ದಾರಿ ಇದೆ. ಯಾರಾದ್ರೂ, ಇವನು ಅಧಿಕಾರಿ ಅಂತ ವೇಷ ಹಾಕಿ ಲಾಭ ಮಾಡ್ಕೊಂಡ ಅಂತ ದೂರು ಕೊಟ್ರೆ ಅದು ಬೇರೆ. ವೇಷ ಹಾಕಿದೋನಿಗೆ, ಹಾಕಿದ ವೇಷದ ದರ್ಜೆಯೇ ಅನ್ವಯಿಸುತ್ತೆ. ಆಗ ಪೈಪು ಹೋಗುತ್ತೆ. ಬೋರ್ಡು ಹಾಕಿದ್ದು ಯಾರು?"

ಗೋಡೆಯ ಪಕ್ಕದಿಂದ ಮಾವ ಒಂದು ಹೆಜ್ಜೆ ಮುಂದೆ ಬಂದರು. ಎಣ್ಣೆ ಹಚ್ಚಿದ ತಲೆ, ಇಸ್ತ್ರಿಯ ಅಂಗಿ, ಅದರ ತೋಳಿನೊಳಗೆ ನಡುಗುವ ಕೈ.

"ನಾನು ಸ್ವಾಮಿ. ನಾನೇ ಬರೆದೆ, ನಾನೇ ಹಾಕಿದೆ. ಅವರು ಬೇಡ ಅಂದಿದ್ರು. ವಿನಯಕ್ಕೆ ಅಂತಿದಾರೆ ಅಂದ್ಕೊಂಡೆ." ಮೇಜಿನ ಮೇಲಿನ ಕಾಗದವನ್ನು ತೋರಿಸಿದರು. "ತಪ್ಪು ನಂದೇ ಅಂತ ಬರ್ಕೊಳ್ಳಿ."

ಬೇಡ ಅಂದದ್ದು ನಿಜ. ಒಂದೇ ಸಲ, ಅರ್ಧ ಮಾತಿನಲ್ಲಿ ಅಂದದ್ದು. ಆ ಅರ್ಧ ಮಾತನ್ನು ಮುದುಕ ಇಷ್ಟು ದಿನ ಜೋಪಾನವಾಗಿಟ್ಟುಕೊಂಡು ಈಗ ತನ್ನನ್ನು ಉಳಿಸಲು ಖರ್ಚು ಮಾಡುತ್ತಿದ್ದಾರೆ. ಸುಮ್ಮನಿದ್ದರೆ ಸಾಕು, ಕೆಲಸ ಉಳಿಯುತ್ತದೆ, ನೀರೂ ಉಳಿಯುತ್ತದೆ. ಸುಮ್ಮನಿರುವುದರಲ್ಲಿ ಠಸ್ಸೆಗೆ ಅನುಭವವೂ ಇತ್ತು.

"ದೂರು ನಾನು ಕೊಡ್ತೀನಿ," ಎಂದ.

"ಯಾರ ಮೇಲಯ್ಯಾ?"

"ನನ್ನ ಮೇಲೆ, ಸ್ವಾಮಿ."

ಅಧ್ಯಕ್ಷರು ನಿಯಮದ ಪುಸ್ತಕ ತಿರುವಿ ನೋಡಿದರು. ತನ್ನ ಮೇಲೆ ತಾನು ದೂರು ಕೊಡಬಾರದೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯ ಬಿದ್ದೀತೆಂದು ಯಾರಿಗೂ ತೋಚಿರಲಿಲ್ಲ. "ಕಿಂಡಿಗೆ ಹೋಗು. ಎಲ್ಲಾ ಕ್ರಮ ಪ್ರಕಾರ ಆಗ್ಲಿ," ಎಂದರು.

ಬೆಂಚಿನ ತುದಿಯಲ್ಲಿ ಕೂತು ಬರೆದ. ಬೇರೆಯವರ ಪರವಾಗಿ ಪುಟಗಟ್ಟಲೆ ಉಕ್ಕಿದ್ದ ಮಾತು ಈಗ ಎರಡು ಸಾಲಿಗೆ ಬತ್ತಿತು. ಬರೆದದ್ದನ್ನು ಕಿಂಡಿಯೊಳಗೆ ತಳ್ಳಿ, ಪಕ್ಕದ ಗಿಡ್ಡ ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ, ಕುರ್ಚಿಯಲ್ಲಿ ಕೂತು, ತಾನೇ ತಳ್ಳಿದ ಕಾಗದವನ್ನು ತೆಗೆದುಕೊಂಡ. ಒಳಕೋಣೆಯವರು, ಸಾಲಿನವರು, ಕೆಳಗಿನಿಂದ ಸುದ್ದಿ ಕೇಳಿ ಹತ್ತಿ ಬಂದ ಹಾಸಿಗೆ ಅಂಗಡಿಯವನು, ಎಲ್ಲರೂ ನೆರೆದಿದ್ದರು.

"ಬಾಗಿಲ ಮೇಲಿದ್ದ ಬೋರ್ಡು ಸುಳ್ಳು ಎಂದು ನನಗೆ ಗೊತ್ತಿತ್ತು," ಎಂದು ಓದಿದ. ಎಲ್ಲೂ ನಿಲ್ಲಿಸಲಿಲ್ಲ, ಯಾರನ್ನೂ ನೋಡಲಿಲ್ಲ. "ನೀರು ಯಾರದು ಎಂದೂ ಗೊತ್ತಿತ್ತು."

"ಕೇಳಿಸಲಿಲ್ಲ ರೀ," ಎಂದ ಸಾಲಿನಲ್ಲಿದ್ದವನು.

ಇನ್ನೊಮ್ಮೆ ಓದಿದ. ಆಮೇಲೆ ಕಿಂಡಿಯ ಆಚೆಯ ಖಾಲಿ ಜಾಗಕ್ಕೆ, "ಇದು ನಿಮ್ಮ ಮಾತೇ?" ಎಂದು ಕೇಳಿದ.

ಉತ್ತರ ಬರಲಿಲ್ಲ.

"ಆಚೆಗೆ ಹೋಗಿ ಹೇಳ್ಬೇಕು," ಎಂದಳು ಟೈಪಿಸ್ಟ್ ಅಕ್ಕ. ಅವಳ ದನಿಯಲ್ಲಿ ಈ ಸಲ ಕುಚೋದ್ಯ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಕ್ರಮ ಪ್ರಕಾರ ಅಂದಿದಾರೆ."

ಎದ್ದು, ತಲೆ ಬಗ್ಗಿಸಿ, ಗಿಡ್ಡ ಬಾಗಿಲಿನಿಂದ ಹೊರಗೆ ಬಂದು, ದೂರುದಾರರು ನಿಲ್ಲುವ ಕಡೆ ನಿಂತ. ಹದಿನಾರು ವರ್ಷದಲ್ಲಿ ಆ ಜಾಗದಲ್ಲಿ ಅವನು ನಿಂತದ್ದೇ ಇಲ್ಲ. ಅಲ್ಲಿಂದ ಕಿಂಡಿ ಎದೆಯ ಮಟ್ಟಕ್ಕಿತ್ತು. ಒಳಗೆ ಮಾತಾಡಬೇಕೆಂದರೆ ಯಾರಾದರೂ ಬಗ್ಗಲೇಬೇಕು.

ಬಗ್ಗಿದ. ಖಾಲಿ ಕುರ್ಚಿಗೆ ಹೇಳಿದ. "ನನ್ನ ಮಾತೇ."

ಮತ್ತೆ ಒಳಗೆ ಹೋಗಿ ಠಸ್ಸೆ ಒತ್ತಿದ.

ಪೈಪನ್ನು ತುಂಡರಿಸಿ ಮೇಲ್ಮನೆಗೂ ಸಮವಾಗಿ ಕೊಡತಕ್ಕದ್ದು ಎಂದು ಆಜ್ಞೆಯಾಯಿತು. ಎಂಜಿನಿಯರ್ ವಿವರಣೆ ಕೊಡಬೇಕು. ಗುಮಾಸ್ತನಿಗೆ, ಎರಡನೇ ದರ್ಜೆಯ ಅಧಿಕಾರಿಗೆ ತಕ್ಕಂಥ ಛೀಮಾರಿ. ಅವನ ಕೆಲಸದ ಕಾಲದಲ್ಲಿ ಅವನಿಗೆ ಸಿಕ್ಕ ಬಡ್ತಿ ಅದೊಂದೇ.

ಕಚೇರಿಗಳು ಬಿಡುವ ಹೊತ್ತು, ಬಸ್ಸು ತುಂಬಿ ತುಳುಕುತ್ತಿತ್ತು. ಯಾರೋ ಎದ್ದು ಮಾವನಿಗೆ ಮುಂದಿನ ಸೀಟು ಕೊಟ್ಟರು; ಪಕ್ಕದಲ್ಲಿ ಟೀಚರಮ್ಮ ಕೂತರು. ಠಸ್ಸೆ ಹಿಂದಿನ ಬಾಗಿಲಲ್ಲಿ ಹತ್ತಿ ಅಲ್ಲೇ ಕಂಬ ಹಿಡಿದು ನಿಂತ. ಅಲ್ಲಿಂದ ಕಾಣುತ್ತಿದ್ದುದು ಎಣ್ಣೆ ಹಚ್ಚಿದ ಹಿಂದಲೆ ಮಾತ್ರ. ಕಚೇರಿ ಬಿಟ್ಟಾಗಿನಿಂದ ಮಾವ ಅವನ ಮುಖ ನೋಡಿರಲಿಲ್ಲ. ಅಳಿಯಂದ್ರೇ ಎಂದಿರಲಿಲ್ಲ. ಬೇರೆ ಏನು ಎನ್ನಬೇಕೋ ಇನ್ನೂ ತೋಚಿರಲಿಲ್ಲವೇನೋ.

ಕಂಡಕ್ಟರ್ ಮುಂದಿನ ಸೀಟಿಗೆ ಬಂದ. ಮಾವ ತಿರುಗದೆ ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸಿದರು.

"ಹಿಂದೆ ಒಬ್ಬ ಗುಮಾಸ್ತ ನಿಂತಿದಾನೆ. ಅವನು ತಗೋತಾನೆ."

ಕಂಡಕ್ಟರ್ ಕತ್ತು ಎತ್ತಿ ಕೂಗಿದ. "ಗುಮಾಸ್ತ ಯಾರ್ರೀ ಹಿಂದೆ?"

ಬಸ್ಸಿನಲ್ಲಿ ಅರ್ಧ ಜನ ಕೈಯೆತ್ತಿದರು. ಕಣ್ಣು ಮುಚ್ಚಿ ತೂಕಡಿಸುತ್ತಿದ್ದ ಹ್ಯಾಟಿನವನೊಬ್ಬ ಎಚ್ಚರವಾಗದೆಯೇ ಎತ್ತಿದ.

"ಈ ಯಜಮಾನ್ರ ಟಿಕೆಟ್ ತಗೊಳ್ಳೋ ಗುಮಾಸ್ತ ಯಾರು ಅಂದೆ!"

ಕೈಗಳು ಒಂದೊಂದಾಗಿ ಇಳಿದವು. ಕಂಬದ ಹತ್ತಿರ ಒಂದು ಉಳಿಯಿತು. ಎಲ್ಲರೂ ತಿರುಗಿ ಅದನ್ನು ನೋಡಿದರು. ಇಳಿಸಿಬಿಡಬಹುದಿತ್ತು, ಇಳಿಸಲಿಲ್ಲ.

ಕಂಡಕ್ಟರ್ ಮಾವನ ಕಡೆ ಬಗ್ಗಿ ಕೇಳಿದ. "ಇವರೇನಾ?"

ಮಾವ ಸೀಟಿನ ಬೆನ್ನು ಹಿಡಿದು, ಕಷ್ಟಪಟ್ಟು, ಪೂರ್ತಿ ಹಿಂದಕ್ಕೆ ತಿರುಗಿದರು. ಬೋರ್ಡನ್ನು ನೋಡುವಾಗ ಮಾಡುತ್ತಿದ್ದ ಹಾಗೆ ತಲೆಯನ್ನು ಓರೆ ಮಾಡಲಿಲ್ಲ. ನೇರವಾಗಿ ನೋಡಿದರು, ಬಹಳ ಹೊತ್ತು.

"ಹೂಂ," ಎಂದರು. "ಅವನೇ."